ಎರಡು ಸಲ ಊದಿದ ಕ್ಯಾನು

ಪೋರ್ಟೊ-ನೋವೊದಿಂದ ಗಡಿಗೆ ಹೋಗುವ ಕೆಂಪು ಮಣ್ಣಿನ ರಸ್ತೆಯ ಪಕ್ಕದಲ್ಲಿ ಅಗೊಸುವಿನ ಚಪ್ಪರವಿತ್ತು. ಕಾಲು ಮೊದಲಾಗಿ ಹುಟ್ಟಿದ ಗಂಡಿಗೆ ಅಲ್ಲಿಯವರು ಇಡುವ ಹೆಸರೇ ಅಗೊಸು. "ಹುಟ್ಟುವಾಗ ಮಾತ್ರ ಓಡಿ ಬಂದ್ರು ನಮ್ಮೋರು, ಆಮೇಲೆ ಕೂತ ಜಾಗ ಬಿಟ್ಟು ಎದ್ದಿಲ್ಲ" ಎಂದು ಹೆಂಡತಿ ಅಯಾಬಾ ನಗುತ್ತಿದ್ದಳು.

ಅವನು ಕೂತದ್ದು ಪೆಟ್ರೋಲಿನ ಪ್ಲಾಸ್ಟಿಕ್ ಕ್ಯಾನುಗಳ ನಡುವೆ. ಗಡಿಯಾಚೆ ನೈಜೀರಿಯಾದಲ್ಲಿ ಪೆಟ್ರೋಲು ಅಗ್ಗ. ಅದನ್ನು ಕದ್ದು ತರುವ ಬೈಕಿನವರು ಹಿಂದೆ, ಮುಂದೆ, ತೊಡೆಯ ಎರಡೂ ಬದಿ ಕ್ಯಾನು ಕಟ್ಟಿಕೊಂಡು ಬಸುರಿ ಎಮ್ಮೆಯ ಹಾಗೆ ಬರುತ್ತಿದ್ದರು. ಆ ಕ್ಯಾನುಗಳ ಒಳಗೆ ಮರಳು, ಸೋಪಿನ ನೀರು ಹಾಕಿ ಕುಲುಕಿ ಕುಲುಕಿ ಜಿಡ್ಡು ಬಿಡಿಸುವುದು ಅಗೊಸುವಿನ ಕೆಲಸ. ಸೀಳು ಬಿಟ್ಟಲ್ಲಿ ಕಾದ ಕಬ್ಬಿಣ ಒತ್ತಿ ಬೆಸೆಯುತ್ತಿದ್ದ. ಬೆಸೆಯುವ ಮೊದಲು ಕ್ಯಾನಿನ ಕಂಠದ ತನಕ ನೀರು ತುಂಬುತ್ತಿದ್ದ. ಒಳಗೆ ಪೆಟ್ರೋಲಿನ ಹಬೆ ಉಳಿದರೆ ಕಬ್ಬಿಣ ತಾಗಿದ್ದೇ ತಡ, ಚಪ್ಪರವೇ ಹಾರಿಹೋಗುತ್ತದೆ.

ಅದೇ ಚಪ್ಪರದಲ್ಲಿ ಕ್ಯಾನು ಊದುವ ಕೆಲಸ ಗೆಳೆಯ ಮಿಗಾನನದು. ಕ್ಯಾನನ್ನು ಕೆಂಡದ ಮೇಲೆ ತಿರುಗಿಸಿ ಮೆತ್ತಗಾಗಿಸಿ ಪಂಪಿನಿಂದ ಗಾಳಿ ಹೊಡೆದರೆ ಹೊಟ್ಟೆ ಉಬ್ಬುತ್ತದೆ, ಇನ್ನಷ್ಟು ಪೆಟ್ರೋಲು ಹಿಡಿಸುತ್ತದೆ. ಆದರೆ ಜನ್ಮಕ್ಕೆ ಒಂದೇ ಸಲ. ಎರಡನೇ ಸಲ ಊದಿದರೆ ಗೋಡೆ ಈರುಳ್ಳಿ ಸಿಪ್ಪೆಯಾಗುತ್ತದೆ.

ಇಬ್ಬರೂ ಹುಡುಗರಾಗಿದ್ದಾಗಲೇ ಹಿರಿಯರ ಮುಂದೆ ಒಂದೇ ಸೋರೆಬುರುಡೆಯಿಂದ ಅಣ್ಣತಮ್ಮಂದಿರ ಆಣೆ ಕುಡಿದಿದ್ದರು. ಆಣೆ ಕುಡಿದವರು ಒಬ್ಬರನ್ನೊಬ್ಬರು ಪರೀಕ್ಷಿಸಬಾರದು, ಒಬ್ಬನ ಗುಟ್ಟನ್ನು ಇನ್ನೊಬ್ಬ ಹೊರಗೆ ಹಾಕಬಾರದು, ಕೇಳಿದ್ದಕ್ಕೆ ಇಲ್ಲ ಎನ್ನಬಾರದು. ಹಾಗಾಗಿ ಯಾರ ಕ್ಯಾನು ಬಂದರೂ ಹೊಟ್ಟೆಗೆ ಗುದ್ದಿ ಸದ್ದು ಕೇಳಿಯೇ ಬೈಕಿಗೆ ಏರಿಸುತ್ತಿದ್ದ ಅಗೊಸು, ಮಿಗಾನನ ಕೈಯಿಂದ ಬಂದದ್ದಕ್ಕೆ ಮಾತ್ರ ಗುದ್ದುತ್ತಿರಲಿಲ್ಲ. ಗುದ್ದಿದರೆ ಆಣೆಗೆ ಉಗಿದ ಹಾಗೆ.

ಒಂದು ದಿನ ವಿನ್ಯೊ ಎಂಬ ಬೈಕಿನವನ ಬೆನ್ನ ಹಿಂದೆಯೇ ಕ್ಯಾನು ಸೀಳಿತು. ಪುಣ್ಯಕ್ಕೆ ಕಿಡಿ ತಾಗಲಿಲ್ಲ. ಆದರೆ ಪೆಟ್ರೋಲಿನಲ್ಲಿ ನೆನೆದ ಅಂಗಿಯಲ್ಲೇ ಮನೆ ಸೇರುವಷ್ಟರಲ್ಲಿ ಬೆನ್ನಿನ ಚರ್ಮ ಬೊಬ್ಬೆಯೆದ್ದು ಸುಲಿದಿತ್ತು. ಅವನ ಜೊತೆಗಾರರು ಸೀಳಿದ ಕ್ಯಾನನ್ನು ತಂದು ಅಗೊಸುವಿನ ಕಾಲಬುಡದಲ್ಲಿ ಬಿಸಾಕಿದರು.

"ಇದನ್ನ ಬೈಕಿಗೆ ಕಟ್ಟಿದ್ದು ಯಾರ ಕೈಯಯ್ಯಾ?"

"ನನ್ನದೇ" ಎಂದ ಅಗೊಸು. ಕ್ಯಾನನ್ನು ಎತ್ತಿ ಬಿಸಿಲಿಗೆ ಹಿಡಿದ. ಹೊಟ್ಟೆಯ ಉದ್ದಕ್ಕೂ ಬೆಳಕು ಹಾಲಿನ ಹಾಗೆ ಬಿಳಿಯಾಗಿ ಹಾಯಿತು. ಎರಡು ಸಲ ಊದಿದ್ದು. ತಲೆಯೆತ್ತಿ ಮಿಗಾನನನ್ನು ನೋಡಿದ. ಈಗ ಹೇಳುತ್ತಾನೆ, ತಪ್ಪಾಯಿತು ಅನ್ನುತ್ತಾನೆ, ಇಬ್ಬರೂ ಸೇರಿ ಬೈಗುಳ ತಿಂದರಾಯಿತು ಎಂದುಕೊಂಡ.

ಮಿಗಾನ ಪಂಪು ಕೆಳಗಿಟ್ಟು ಕೈ ಒರೆಸಿಕೊಂಡ. "ಬಯ್ಯಬೇಡ್ರಪ್ಪಾ. ಅಣ್ಣಂಗೆ ಈಚೀಚೆಗೆ ಕಣ್ಣು ಮಂಜಾಗಿದೆ. ಹೇಳ್ಕೊಳ್ಳೋಕೆ ನಾಚ್ಕೆ. ನಾನಾದ್ರೂ ಎಷ್ಟಂತ ಮುಚ್ಚಿಡ್ಲಿ?"

"ಕಣ್ಣಿಲ್ಲದೋನು ಕ್ಯಾನು ಕಟ್ಟೋದು, ನಾವು ಬೆನ್ನು ಸುಟ್ಕೊಳ್ಳೋದು! ಭಲೆ!" ಎಂದ ಒಬ್ಬ. ಅಗೊಸು ಕ್ಯಾನನ್ನು ಕೆಳಗಿಳಿಸಿದ. ಆಣೆ ಕುಡಿದವನ ಗುಟ್ಟು ಹೊರಗೆ ಹಾಕುವ ಹಾಗಿರಲಿಲ್ಲ. ಬೈಕಿನವರು ಅಂದಿನಿಂದ ಮಿಗಾನ ಒಬ್ಬನನ್ನೇ ಕೇಳಿಕೊಂಡು ಬರತೊಡಗಿದರು. ವಾರ ಕಳೆಯುವುದರೊಳಗೆ ಅವನು ರಸ್ತೆಯ ಆಚೆ ತನ್ನದೇ ಚಪ್ಪರ ಹಾಕಿದ.

ಚಪ್ಪರ ಎದ್ದ ಸಂಜೆ ಮಿಗಾನ ತಾಳೆಸಾರಾಯಿಯ ಬಾಟಲಿ ಹಿಡಿದು ಅಗೊಸುವಿನ ಮನೆಗೆ ಬಂದ. ಅಯಾಬಾ ಮುಖ ತಿರುಗಿಸಿ ಒಳಗೆ ಹೋದಳು.

"ನೀನು ಬಾಯಿ ಬಿಡಲ್ಲ ಅಂತ ನಂಗೆ ಗೊತ್ತಿತ್ತು ಕಣೋ" ಎಂದ ಮಿಗಾನ, ಮೆಚ್ಚುಗೆಯಿಂದಲೇ.

ಮಿಗಾನ ಸುಳ್ಳು ಹೇಳಿದಾಗ ಆಗದ ನೋವು ಅಗೊಸುವಿಗೆ ಈಗಾಯಿತು. ಹಾಗಾದರೆ ಕಣ್ಣು ಮಂಜು ಎಂದದ್ದು ಆ ಗಳಿಗೆಯ ಹೆದರಿಕೆಗೆ ಬಾಯಿಗೆ ಬಂದದ್ದಲ್ಲ. ಅಗೊಸು ಬಾಯಿ ಬಿಡುವುದಿಲ್ಲ ಎಂದು ತೂಗಿ ನೋಡಿಯೇ ಆಡಿದ ಮಾತು.

"ನಾನೊಂದು ಕೇಳ್ತೀನಿ" ಎಂದ ಅಗೊಸು. "ನೀನು ಇಲ್ಲ ಅನ್ನೋ ಹಾಗಿಲ್ಲ. ನಾಳೆ ವಿನ್ಯೊನ ಮನೆಗೆ ಹೋಗು. ಎರಡು ಸಲ ಊದಿದ್ದು ನಾನು ಅಂತ ನಿನ್ನ ಬಾಯಲ್ಲೇ ಹೇಳು."

ಮಿಗಾನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತ. ಕೊನೆಗೆ "ಹೂಂ, ಹೋಗ್ತೀನಿ" ಎಂದ.

ಮರುದಿನ ಬೆಳಿಗ್ಗೆಯಿಂದ ಅಗೊಸು ಕಾದ. ರಸ್ತೆಯ ಆಚೆ ಪಂಪಿನ ಸದ್ದು ಬುಸ್ ಬುಸ್ ಎಂದು ನಡೆದೇ ಇತ್ತು. ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಗೊಸು ತಾನೇ ಎದ್ದು ವಿನ್ಯೊನ ಮನೆಗೆ ನಡೆದ.

ವಿನ್ಯೊ ಚಾಪೆಯ ಮೇಲೆ ಬೋರಲು ಮಲಗಿದ್ದ. "ಬಾ ಅಣ್ಣ, ಕೂತ್ಕೋ. ನಿನ್ ಮೇಲೆ ಸಿಟ್ಟಿಲ್ಲ. ವಯಸ್ಸಾದ್ರೆ ಯಾರಿಗಾದ್ರೂ ಆಗೋದೇ."

ಮಿಗಾನನ ಹೆಸರು ನಾಲಿಗೆಯ ತುದಿಗೆ ಬಂತು. ಅಗೊಸು ಅದನ್ನು ನುಂಗಿಕೊಂಡ. "ಯಾರ ಚಪ್ಪರದ ಕ್ಯಾನಾದ್ರೂ ಸರಿ, ತಮ್ಮಾ, ಕಟ್ಟೋ ಮೊದಲು ಬಿಸಿಲಿಗೆ ಹಿಡಿದು ನೋಡು. ಬೆಳಕು ಬೆಳ್ಳಗೆ ಹಾಯ್ದರೆ ತಗೋಬೇಡ. ಮಿಕ್ಕೋರಿಗೂ ಹೇಳು" ಎಂದ.

ವಿನ್ಯೊ ಕತ್ತು ಹೊರಳಿಸಿ ಅಯ್ಯೋ ಪಾಪ ಎನ್ನುವ ಹಾಗೆ ನಕ್ಕ. "ನಿಂಗೇ ಕಾಣದ್ದನ್ನ ನಂಗೆ ನೋಡು ಅಂತೀಯಲ್ಲ ಅಣ್ಣಾ. ಮೊದಲು ಒಂದು ಕನ್ನಡಕ ಮಾಡಿಸ್ಕೋ."

"ಹೂಂ, ಮಾಡಿಸ್ಕೋತೀನಿ" ಎಂದ ಅಗೊಸು. "ಆದ್ರೂ ನೀನು ನೋಡು" ಎಂದು ಇನ್ನೊಮ್ಮೆ ಹೇಳಿ, ವಿನ್ಯೊ "ಆಯ್ತು" ಎನ್ನುವ ತನಕ ಆ ಚಾಪೆಯ ಪಕ್ಕದಿಂದ ಏಳಲಿಲ್ಲ.