ಮಕ್ಕಳು ಬಿಡಿಸಿದ ಎರಡನೇ ಸೈಕಲ್

ಪ್ರವಾಸದ ಬರಹಗಾರ ನಾನು, ಬರೆಯುವಾಗ ಸ್ವಲ್ಪ ಉಪ್ಪುಖಾರ ಹಾಕುತ್ತೇನೆ, ಒಪ್ಪಿಕೊಂಡೆ. ಆದರೆ ಇದಕ್ಕೆ ಒಂದು ಅಕ್ಷರವನ್ನೂ ಸೇರಿಸಿಲ್ಲ. ಸೇರಿಸುವ ಧೈರ್ಯವೂ ಇಲ್ಲ...

ಮೊದಲು, ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಗೆಳೆಯ ಗುರುರಾಜ ಮತ್ತು ನಾನು ನಾಗಪುರ ಹೆದ್ದಾರಿಯಲ್ಲಿ ರಾತ್ರಿಯಿಡೀ ಸೈಕಲ್ ತುಳಿಯುತ್ತಿದ್ದೆವು. ಇಂಥ ದೂರದ ಸವಾರಿಯಲ್ಲಿ ಗೊತ್ತಾದ ಊರನ್ನು ಗೊತ್ತಾದ ಹೊತ್ತಿಗೆ ಮುಟ್ಟಿ ಕಾರ್ಡಿಗೆ ಮೊಹರು ಹಾಕಿಸಬೇಕು. ತಡವಾದರೆ ಇಡೀ ಸವಾರಿ ಲೆಕ್ಕಕ್ಕಿಲ್ಲ. ಹಿಂದೆ ಬರುತ್ತಿದ್ದ ಗುರು ಎಡಗೈ ಎತ್ತಿದ. ನಿಲ್ಲು, ನನ್ನಿಂದ ಆಗದು ಎಂದರ್ಥ. ಲಾರಿಯ ಬೆಳಕಿನಲ್ಲಿ ಅದು ನನ್ನ ಸೈಕಲ್ಲಿನ ಪುಟ್ಟ ಕನ್ನಡಿಯಲ್ಲಿ ಕಂಡಿತು. ಉಳಿದದ್ದು ಇಪ್ಪತ್ತೇ ನಿಮಿಷ. ನಾನು ನಿಲ್ಲಲಿಲ್ಲ.

ಬೆಳಿಗ್ಗೆ ರಸ್ತೆಯ ಬದಿಯಲ್ಲಿ ಅವನ ಹೆಣ ಸಿಕ್ಕಿತು. ಎದೆಬಡಿತ ನಿಂತುಹೋಗಿತ್ತಂತೆ. ಅವನ ಅಕ್ಕ ಸುಮಿತ್ರಕ್ಕನಿಗೆ, ಕತ್ತಲಲ್ಲಿ ನನಗೇನೂ ಕಾಣಲಿಲ್ಲ ಎಂದು ಹೇಳಿದೆ.

ಸುಮಿತ್ರಕ್ಕ ಸಿಕಂದರಾಬಾದಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಕಳೆದ ಚಳಿಗಾಲ ಮಕ್ಕಳಿಗೆ ಸೈಕಲ್ ಅನುಭವ ಹೇಳಲು ನನ್ನನ್ನು ಕರೆದರು. "ತಮ್ಮನ ಸುದ್ದಿ ಮಾತ್ರ ತಗೀಬ್ಯಾಡಪಾ, ಹುಡುಗರು ಅಂಜತಾವ" ಎಂದರು. ಸದ್ಯ, ಬದುಕಿದೆ ಎಂದುಕೊಂಡೆ.

ಸಂಜೆ ನಾಲ್ಕು ಗಂಟೆ. ಫೋಟೋ ತೋರಿಸಲೆಂದು ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಸುಮಿತ್ರಕ್ಕ ಚಹಾ ತರಲು ಹೋದರು. ನಾನು ಒಬ್ಬನೇ ಲಡಾಖಿಗೆ ಹೋದ ಕಥೆ ಶುರುಮಾಡಿದೆ. ನಡುವೆ, ಕತ್ತಲಲ್ಲಿ, ಬೆಂಚುಗಳ ಹಿಂದೆ ಕಟಕಟಕಟ... ಸವಾರ ತುಳಿಯುವುದನ್ನು ಬಿಟ್ಟಾಗ ಹಿಂದಿನ ಚಕ್ರ ಮಾಡುವ ಸದ್ದು ಅದು. ಬೆವರು, ಚೈನಿನ ಎಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹೇಗೋ ಮಾತು ಮುಗಿಸಿದೆ.

ಅತಿಥಿ ಹೇಳಿದ್ದನ್ನು ಮಕ್ಕಳು ಪೆನ್ಸಿಲ್‌ನಲ್ಲಿ ಬಿಡಿಸಿ ತೋರಿಸುವುದು ಆ ಶಾಲೆಯ ರೂಢಿ. ಮಕ್ಕಳು ದೀಪ ಹಾಕಿ ಬಿಡಿಸಿದರು. ಮೊದಲ ಬೆಂಚಿನ ಹುಡುಗಿಯ ಹಾಳೆ ನೋಡಿದೆ. ಎರಡು ಸೈಕಲ್. ಹಿಂದಿನವನ ಎಡಗೈ ಮೇಲಕ್ಕೆ...

ಪಕ್ಕದ ಹಾಳೆಯಲ್ಲೂ ಅದೇ. ಅದರಾಚೆಯದರಲ್ಲೂ. ಮೂವತ್ತೆರಡು ಹಾಳೆ, ಮೂವತ್ತೆರಡು ಎತ್ತಿದ ಕೈ.

"ಇವರು ಯಾರವ್ವಾ?" ಎಂದು ಪಿಸುಗುಟ್ಟಿದೆ.

"ನಿಮ್ಮ ಹಿಂದ ಬರಾಕತ್ತಿದ್ರಲ್ರಿ ಸರ್... ನೀವ ಹೇಳಿದ್ರಿ."

ನಾನು ಹೇಳಿರಲಿಲ್ಲ. ಅಥವಾ ಹೇಳಿದ್ದೆನೋ? ದೇವರಾಣೆ, ಇವತ್ತಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಸುಮಿತ್ರಕ್ಕ ಬಂದರು. ಟ್ರೇ ಇಟ್ಟು, ಹಾಳೆಗಳನ್ನು ಒಂದೊಂದಾಗಿ ನೋಡಿದರು. ಅವರ ಮುಖ ಬಿಳಿಚಿತು.

"ಖರೇ ಹೇಳಪಾ. ಅವ ಕೈ ಎತ್ತಿದ್ದನೇನು?"

ಅದೊಂದು ಮಾತಿಗಾಗಿ ಅವರು ಅಷ್ಟು ವರ್ಷ ಕಾದಿದ್ದರು. ಹೇಳಬಹುದಿತ್ತು. ಕಾಲಿಗೆ ಬಿದ್ದು ಅಳಬಹುದಿತ್ತು. ಎಂಥ ಹೇಡಿ ನಾನು!

"ಇಲ್ಲಕ್ಕಾ" ಎಂದೆ.

ಸುಮಿತ್ರಕ್ಕ ಮಕ್ಕಳ ಕಡೆ ತಿರುಗಿದರು. "ತಪ್ಪು ತಗದೀರಿ. ಆ ಕೈ ಅಳಸ್ರಿ."

ಮಕ್ಕಳು ತಲೆ ಬಗ್ಗಿಸಿ ರಬ್ಬರ್ ತಿಕ್ಕತೊಡಗಿದರು. ನಾನು ಚಹಾ ಮುಟ್ಟದೆ ಎದ್ದುಬಂದೆ. ಬಾಗಿಲಲ್ಲಿ ಆ ಹುಡುಗಿಯ ಸಣ್ಣ ದನಿ ಕೇಳಿಸಿತು.

"ಟೀಚರ್... ಎಷ್ಟು ತಿಕ್ಕಿದ್ರೂ ಕೈ ಹೋಗವಲ್ತರಿ."