ವರ್ಡ್ ಫೈಲೇ ಬೇಕೆಂದರು

ಅಕ್ಕ ತೀರಿಕೊಂಡಾಗ ಬಂದವರೆಲ್ಲ ಸಮಾಧಾನ ಹೇಳಿ ಹೋದರು. ನನಗೆ ಬೇಕಾಗಿದ್ದು ಸಮಾಧಾನವಲ್ಲ, ಜಗಳ. ಯಾರ ಜೊತೆ ಜಗಳವಾಡಬೇಕು ಎಂಬುದು ಮಾತ್ರ ಆಗಿನ್ನೂ ಗೊತ್ತಿರಲಿಲ್ಲ.

ಅಕ್ಕ ಕಾನಹೊಸಹಳ್ಳಿ ಕಡೆಯ ಹಳ್ಳಿಗಳಲ್ಲಿ ಸರ್ಕಾರದ ನರ್ಸಮ್ಮ. ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಊರಿಂದ ಊರಿಗೆ ನಡೆಯುವ ಕೆಲಸ. ಫ್ಲಾಪಿಗಳ ಕಾಲ ಅದು. ನಾಲ್ಕು ಹೆಜ್ಜೆ ನಡೆದರೆ ಅವಳಿಗೆ ಏದುಸಿರು ಬರತೊಡಗಿತ್ತು. ದಾವಣಗೆರೆಯ ಡಾಕ್ಟರು ಹೃದಯದ ಕವಾಟ ಕೆಟ್ಟಿದೆ, ಈ ನಡೆದಾಟ ನಿಲ್ಲಲೇಬೇಕು ಎಂದರು. ಕೊಟ್ಟೂರಿನ ಆಸ್ಪತ್ರೆಗೆ ವರ್ಗವಾದರೆ ಕೂತು ಮಾಡುವ ಕೆಲಸ, ನಮ್ಮ ಮನೆಯ ಊಟ. ಅದಕ್ಕೆ ಅರ್ಜಿ ಹಾಕಬೇಕಿತ್ತು. ಹತ್ತನೇ ತರಗತಿ ಓದಿ ಕೊಟ್ಟೂರಿನ ಬಟ್ಟೆ ಅಂಗಡಿಯಲ್ಲಿದ್ದ ನಾನೇ ಓಡಾಡಿದೆ.

ಅವಳ ಇಲಾಖೆಯ ಕಚೇರಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅಲ್ಲಿನ ಗುಮಾಸ್ತ ತನ್ನದೇ ಪದ್ಧತಿ ಮಾಡಿಕೊಂಡಿದ್ದ. ಅರ್ಜಿಯನ್ನು ಹೊರಗೆ ಟೈಪ್ ಮಾಡಿಸಿ ಫ್ಲಾಪಿಯಲ್ಲಿ ತರಬೇಕು, ಜೊತೆಗೆ ಕೆಳತುದಿಯಲ್ಲಿ ಸಹಿ ಮಾಡಿದ ಖಾಲಿ ಹಾಳೆ ಕೊಡಬೇಕು. ಅವನು ಕಚೇರಿಯ ತಲೆಬರಹ ಸೇರಿಸಿ, ಆ ಹಾಳೆಯ ಮೇಲೇ ಪ್ರಿಂಟ್ ತೆಗೆಯುತ್ತಿದ್ದ. ಡಾಕ್ಟರ ಚೀಟಿ ಆಮೇಲೆ ಕೇಳಿದಾಗ ಕೊಟ್ಟರೆ ಸಾಕು ಎಂದ.

"ವರ್ಡ್ ಫೈಲೇ ತರ್ರಿ. ಪಿಡಿಎಫ್ ತಂದ್ರ ಅದರಾಗ ಒಂದಕ್ಷರ ಸೇರ್ಸಾಕ ಬರಂಗಿಲ್ಲ. ವಾಪಸ್ ಕಳಸ್ತೀನಿ ನೋಡ್ರಿ."

ಸಹಿ ಹಾಕುವಾಗ ಅಕ್ಕ ನಕ್ಕಳು. "ಖಾಲಿ ಹಾಳಿಗೆ ಸಹಿ ಹಾಕಿಸ್ಕೊಂತೀಯಲ್ಲಲೇ, ನನ್ನ ಆಸ್ತಿ ಬರಕೊಳ್ಳಾಕೇನು? ಇರೋದೊಂದು ಲಸಿಕಿ ಡಬ್ಬಿ. ಅದೂ ಸರ್ಕಾರದ್ದು."

ಕೊಟ್ಟೂರು ಬಸ್ ನಿಲ್ದಾಣದ ಹಿಂದೆ ಟೈಪಿಂಗ್ ಅಂಗಡಿ ಇಟ್ಟಿದ್ದ ಹೆಣ್ಣುಮಗಳು ಅರ್ಜಿಯನ್ನು ಚೆನ್ನಾಗಿಯೇ ಮಾಡಿಕೊಟ್ಟಳು. ಫ್ಲಾಪಿ ಹಾಕುವ ಮೊದಲು ಕೇಳಿದಳು: "ಅಣ್ಣಾರ, ಪಿಡಿಎಫ್ ಮಾಡ್ಲೇನ್ರಿ? ಎಲ್ಲಿ ತಗದ್ರೂ ಹಿಂಗ ಇರ್ತೈತಿ. ವರ್ಡ್ ಆದ್ರ ನಮ್ಮ ಕನ್ನಡ ಫಾಂಟ್ ಅವರ ಕಂಪ್ಯೂಟರ್‌ನಾಗೂ ಇರಬೇಕು. ಇಲ್ಲಾಂದ್ರ ಅಕ್ಷರ ಎಲ್ಲಾ ಕಲಸಿ ಹೋಗ್ತಾವ."

"ಅವರು ವರ್ಡೇ ಬೇಕಂದಾರವ್ವ."

"ಹಂಗಾರ ಎರಡೂ ಹಾಕಿ ಕೊಡ್ತೀನಿ ತಗೋರ್ರಿ."

"ಬ್ಯಾಡ ಬ್ಯಾಡ. ಪಿಡಿಎಫ್ ಕಂಡ್ರ ಆ ಪುಣ್ಯಾತ್ಮ ಸಿಟ್ಟಿಗೇಳ್ತಾನ."

ಹೀಗೆ ಅಂದವನು ನಾನೇ. ಗುಮಾಸ್ತನ ಸಿಟ್ಟಿಗೆ ಹೆದರಿದೆ. ಅವಳು ಹೇಳಿದ ಮಾತನ್ನು ಅಕ್ಕನಿಗೆ ತಿಳಿಸಲೂ ಇಲ್ಲ.

ವರ್ಗಾವಣೆಯ ಪಟ್ಟಿ ಬಂತು. ಅಕ್ಕನ ಹೆಸರಿರಲಿಲ್ಲ. ಕೇಳಿದರೆ, ಮುಂದಿನ ವರ್ಷ ನೋಡೋಣ ಎಂದರು. "ನನಗಿಂತ ಕಷ್ಟದಾಗಿರೋರಿಗೆ ಸಿಕ್ಕಿರ್ಬೇಕು ಬಿಡಲೇ," ಎಂದು ಅಕ್ಕ ಡಬ್ಬಿ ಹೊತ್ತಳು. ಆ ಬೇಸಿಗೆಯಲ್ಲಿ ಎರಡು ಹಳ್ಳಿಗಳ ನಡುವೆ ದಣಿವಾಯಿತೆಂದು ಬೇವಿನ ಮರದ ಕೆಳಗೆ ಕೂತವಳು ಮತ್ತೆ ಏಳಲಿಲ್ಲ.

ತಿಂಗಳಾದ ಮೇಲೆ ಅವಳ ಸೇವಾ ದಾಖಲೆಗಳಿಗಾಗಿ ಕಚೇರಿಗೆ ಹೋದೆ. ಗುಮಾಸ್ತ ಕಡತ ತೆರೆದು ಹಾಳೆ ತಿರುವುತ್ತಿದ್ದ. ನಡುವೆ ಅಕ್ಕನ ಸಹಿ ಕಂಡಿತು. ಕೈ ಹಿಡಿದು ನಿಲ್ಲಿಸಿದೆ.

ಮೇಲೆ ಕಚೇರಿಯ ತಲೆಬರಹ, ನೆಟ್ಟಗೆ. ಕೆಳಗೆ ಅಕ್ಕನ ಸಹಿ, ದುಂಡಗೆ. ನಡುವೆ ಹಾಳೆ ತುಂಬ ಇಂಗ್ಲಿಷಿನ ಚೂರುಗಳು, ಡೊಂಕು ಗೆರೆಗಳು, ಚೌಕಗಳು. ಕವಾಟವೂ ಇಲ್ಲ, ಏದುಸಿರೂ ಇಲ್ಲ, ಕೊಟ್ಟೂರೂ ಇಲ್ಲ. ಮೂಲೆಯಲ್ಲಿ ಹಸಿರು ಶಾಯಿಯಲ್ಲಿ "ಪರಿಶೀಲಿಸಿದೆ" ಎಂದು ಬರೆದು ಆ ಕಚೇರಿಯ ಸಾಹೇಬರು ಚಿಕ್ಕ ಸಹಿ ಹಾಕಿದ್ದರು.

"ಏನ್ರಿ ಇದು?"

ಗುಮಾಸ್ತ ಬಗ್ಗಿ ನೋಡಿದ. "ಫಾಂಟ್ ಹೋಗೈತ್ರಿ. ನೀವು ಪಿಡಿಎಫ್ ತರ್ಬೇಕಿತ್ತು."

"ವರ್ಡ್ ಅಂದೋರು ಯಾರು?"

"ಅದು ಎಲ್ಲಾರಿಗೂ ಹೇಳೋ ಮಾತ್ರಿ."

ನಾನು ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೂ ದನಿ ಎತ್ತುವವನಲ್ಲ. ಅವತ್ತು ಎತ್ತಿದೆ. ಸಾಹೇಬರು ಹೊರಗೆ ಬಂದು, "ಏನ್ರಿ ಗಲಾಟಿ?" ಎಂದರು. ಹಾಳೆಯನ್ನು ಅವರ ಮುಖಕ್ಕೆ ಹಿಡಿದೆ.

"ಪರಿಶೀಲಿಸಿದೆ ಅಂತ ಬರದೀರಲ್ರಿ. ಓದ್ರಿ, ನಾನೂ ಕೇಳ್ತೀನಿ."

ಅವರು ಕನ್ನಡಕ ಹಾಕಿಕೊಂಡರು, ತೆಗೆದರು. "ಆಗಿದ್ದು ಆಗಿ ಹೋತು. ಹಿಂಗ ಕೂಗಿದ್ರ ಹೋದೋರು ಬರ್ತಾರೇನ್ರಿ?"

ಆ ಮಾತಿಗೆ ನನ್ನ ಮೈ ಉರಿಯಿತು. ಬರುವುದಿಲ್ಲ ಎಂದು ನನಗೆ ಗೊತ್ತು. ಅರ್ಜಿ ಓದಿ, ಆಗುವುದಿಲ್ಲ ಎಂದಿದ್ದರೆ ಇನ್ನೊಂದು ಬಾಗಿಲು ಬಡಿಯುತ್ತಿದ್ದೆ. ಓದಲಾಗುತ್ತಿಲ್ಲ, ಇನ್ನೊಂದು ಪ್ರತಿ ತಾ ಎಂದಿದ್ದರೆ ಮುಂದಿನ ಬಸ್ಸಿಗೇ ತರುತ್ತಿದ್ದೆ. ಇಬ್ಬರಲ್ಲಿ ಒಬ್ಬನಾದರೂ ಆ ಪ್ರಿಂಟಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು. ನಾನಾದರೂ ಎದುರು ನಿಂತು ಪ್ರಿಂಟ್ ತೆಗೆಸಿ ನೋಡಬಹುದಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹಾಳೆ, ಫ್ಲಾಪಿ ಕೊಟ್ಟು ಬಂದಿದ್ದೆ.

"ಇದನ್ನ ಓದಾಕ ಬರಲಿಲ್ಲ ಅಂತ ಈ ಹಾಳಿ ಮ್ಯಾಲೇ ಬರದು ಸಹಿ ಹಾಕ್ರಿ," ಎಂದೆ.

"ಹಂಗ ಬರ್ಯಾಕ ಬರಂಗಿಲ್ಲ," ಎಂದು ಸಾಹೇಬರು ಒಳಗೆ ಹೋದರು.

ಗುಮಾಸ್ತ ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಕಡತ ಕಟ್ಟಿ ಕಪಾಟಿಗೆ ಬೀಗ ಹಾಕಿದ. ಕಚೇರಿ ಮುಚ್ಚುವವರೆಗೂ ನಾನು ಆ ಕಪಾಟಿನ ಎದುರೇ ಕೂತಿದ್ದೆ. ಮರುದಿನವೂ ಹೋಗಿ ಕೂತೆ.