ಎಲೆ-ಅಡಿಕೆ ಕೊಟ್ಟು ಮಾಡಿದ ಕಮಿಟಿ

ನನಗೆ ಸುಲಭಕ್ಕೆ ಅಳು ಬರುವುದಿಲ್ಲ. ಇದು ಹೆಮ್ಮೆಯ ಮಾತಲ್ಲ. ಕಾಲನಿಯ ಆ ಬೇಸಿಗೆಯ ನಂತರ ಹಾಗಾಯಿತು, ಅಷ್ಟೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ತಾಂಬಾ ಊರಿನ ಮಗಳು. ಮದುವೆಯಾಗಿ ಬಂದದ್ದು ಮುದ್ದೇಬಿಹಾಳದ ಕಡೆ, ಕಾಲುವೆ ಕೆಲಸದವರಿಗೆಂದು ಕಟ್ಟಿದ್ದ ಕಾಲನಿಗೆ. ನಮ್ಮ ಯಜಮಾನರು ಅಲ್ಲಿ ಲಾರಿ ಓಡಿಸುತ್ತಿದ್ದರು. ಇಂಡಿಯವರು, ಸಿಂದಗಿಯವರು, ಬಾಗೇವಾಡಿಯವರು ಎಲ್ಲ ಅಲ್ಲಿದ್ದರು. ದಿಬ್ಬದ ಮೇಲೆ ಸಾಹೇಬರ ಮನೆಗಳು, ಕೆಳಗೆ ತಗಡು ಹೊದಿಸಿದ ನಮ್ಮ ಸಾಲುಮನೆಗಳು, ಚಾಳುಗಳು. ಮೇಲಿನವರ ನಲ್ಲಿಯಲ್ಲಿ ದಿನವಿಡೀ ನೀರು. ನಮಗೆ ಬೆಳಿಗ್ಗೆ ಒಂದಿಷ್ಟು ಹೊತ್ತು ಬಿಟ್ಟು, ವಾಲ್ವಿಗೆ ಕೀಲಿ ಹಾಕಿಕೊಂಡು ಹೋಗುತ್ತಿದ್ದರು.

ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ಮಸೂತಿ ಎಂಬ ಊರಿನ, ಗಾರೆ ಕೆಲಸದ ಗೌಂಡಿ ಒಬ್ಬರು ಇದ್ದರು, ಮುಸಲ್ಮಾನರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ವೈನಿ. ನಾನು ಬಂದ ಮೊದಲ ವಾರವೇ ಅಣ್ಣ ನಡುಗೋಡೆಯ ಒಂದು ಇಟ್ಟಂಗಿ ಕಿತ್ತು ಕಿಂಡಿ ಮಾಡಿದರು. "ಬಿಸಿ ರೊಟ್ಟಿ ಹಿಡ್ಕೊಂಡು ಸುತ್ತ ಹಾಕಿ ಯಾಕ ಬರ್ತೀರಿ? ಆರಿ ಹೋಗ್ತಾವ," ಎಂದರು. ಆಮೇಲೆ ರೊಟ್ಟಿ, ಶೇಂಗಾ ಹಿಂಡಿ, ಒಲೆಯ ಕೆಂಡ, ಚಾಡಿ ಎಲ್ಲ ಆ ಕಿಂಡಿಯಲ್ಲೇ ಓಡಾಡುತ್ತಿದ್ದವು. ತವರುಮನೆ ನೆನಪಾಗದಂತೆ ನೋಡಿಕೊಂಡದ್ದು ಆ ಕಿಂಡಿಯೇ.

ಆ ಬೇಸಿಗೆಯಲ್ಲಿ ನಮ್ಮ ನಲ್ಲಿ ಒಣಗಿತು. ನಾವು ಕೈಯೆತ್ತಿ ಆರಿಸಿದ ಪಂಚರು ಕೇಳಲು ಮೇಲೆ ಹೋದರೆ ಅವರನ್ನು ಕಾಂಪೌಂಡಿನ ಒಳಗೂ ಬಿಡಲಿಲ್ಲ. ಮರುದಿನ ನಾವು ಹೆಂಗಸರು ಬರಿಗೊಡ ಇಟ್ಟುಕೊಂಡು ಜೀಪಿನ ದಾರಿಗೆ ಅಡ್ಡ ಕುಳಿತೆವು. ಗಂಡಸರು ಕೆಲಸ ನಿಲ್ಲಿಸಿದರು. ವಾಲ್ವಿನ ಕೀಲಿ ಒಡೆದದ್ದು ಅಣ್ಣ ಮತ್ತು ನಮ್ಮ ಯಜಮಾನರು, ಇಬ್ಬರೂ ಸೇರಿ. ಸುತ್ತಿಗೆ ಅಣ್ಣನದು, ಹಾರೆ ನಮ್ಮವರದು. ಸಾಹೇಬರು ಜೀಪು ಬಿಟ್ಟು ನಡೆದುಕೊಂಡೇ ಊರು ಸೇರಿದರು. ಅಲ್ಲಿಂದ ಕೆಲವು ದಿನ ಕಾಲನಿ ನಮ್ಮದೇ. ಎಲ್ಲರಿಗೂ ಪಾಳಿಯಂತೆ ನೀರು. ದಿಬ್ಬದ ಮೇಲಿನ ಸಾಹೇಬರ ಹೆಂಡತಿಯೊಬ್ಬರು ಕೊಡ ಹಿಡಿದು ನನ್ನ ಹಿಂದೆ ಪಾಳಿಯಲ್ಲಿ ನಿಂತಿದ್ದರು. ಸುಳ್ಳು ಯಾಕೆ ಹೇಳಲಿ, ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಪೊಲೀಸರ ವ್ಯಾನು ಬಂತು. ಎಮರ್ಜನ್ಸಿಯ ಕಾಲ, ಯಾರೂ ದನಿ ಎತ್ತಲಿಲ್ಲ. ನಮ್ಮ ಪಂಚರನ್ನು ತೆಗೆದುಹಾಕಿದರು. ಇನ್ನು ಮುಂದೆ ಕಾಲನಿಯ ಕಾರಭಾರವೆಲ್ಲ ಸರ್ಕಾರವೇ ನೇಮಿಸುವ ಐದು ಜನರ ಕಮಿಟಿಯದು ಎಂದು ಡಂಗುರ ಸಾರಿದರು.

ಕಮಿಟಿ ನೇಮಿಸಲು ಬಂದ ಹೊಸ ಸಾಹೇಬರು ಮೈಸೂರಿನ ಕಡೆಯವರು, ಮೆತ್ತಗಿನ ಮಾತಿನವರು. ಎಲ್ಲರನ್ನೂ ಗೋದಾಮಿನ ಅಂಗಳಕ್ಕೆ ಕರೆಸಿ, ಚಹಾ ಕೊಟ್ಟು, ಹೆಸರು ಓದಿಸಿದರು. ಇಬ್ಬರು ಗುತ್ತೇದಾರರು, ಒಬ್ಬ ಕಾರಕೂನ, ಕಾಲನಿಯ ಕಿರಾಣಿ ಅಂಗಡಿಯ ಸಾಹುಕಾರ. ಐದನೆಯ ಹೆಸರು ನಮ್ಮ ಯಜಮಾನರದು. ಚಾಳಿನವನೂ ಒಬ್ಬ ಇರಲಿ, ನೋಡಲು ಚೆಂದ ಎಂದಿರಬೇಕು. ಇವರು ತಮ್ಮ ಹೆಸರು ಕೇಳಿ ಬಾಯಿ ತೆರೆದು ನಿಂತಿದ್ದಾಗಲೇ ಸಾಹುಕಾರ ಎಲೆ-ಅಡಿಕೆಯ ತಾಟು ತಂದು ಮುಂದೆ ಹಿಡಿದ. ಇವರು ಎರಡು ಎಲೆ ಎತ್ತಿಕೊಂಡರು.

ಚಹಾ ಆದಮೇಲೆ ತಾಟು ಬಂದರೆ ಯಾರಾದರೂ ಎತ್ತಿಕೊಳ್ಳುತ್ತಾರೆ. ತಾಟು ದೂಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಆದರೆ ನಾಲ್ಕು ಜನರ ಮುಂದೆ ಒಂದು ಕೆಲಸಕ್ಕೆ ನಿಮ್ಮ ಹೆಸರು ಹೇಳಿ ತಾಟು ಹಿಡಿದಾಗ ಎಲೆ ಎತ್ತಿಕೊಂಡಿರೋ, ಮಾತು ಕೊಟ್ಟ ಹಾಗೆ. ಹೆಣ್ಣು ಗೊತ್ತು ಮಾಡುವುದು, ಎತ್ತು ಮಾರುವುದು, ಜಗಳ ಮುರಿಯುವುದು ಎಲ್ಲ ಹಾಗೆಯೇ ನಡೆಯುತ್ತಿತ್ತು. ಮೈಸೂರಿನ ಸಾಹೇಬರಿಗೆ ಅದು ಗೊತ್ತಿತ್ತೋ ಇಲ್ಲವೋ. ಸಾಹುಕಾರನಿಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದಾಗ ಇವರ ತುಟಿ ಕೆಂಪಾಗಿತ್ತು. ನನಗೆ ಮೈಯೆಲ್ಲ ಉರಿಯಿತು.

"ಹೋಗಿ ಎಲಿ ಹೊಳ್ಳಿ ಕೊಟ್ಟು ಬರ್ರಿ," ಎಂದೆ.

"ತಿಂದಿದ್ದು ಹೊಳ್ಳಿ ಹ್ಯಾಂಗ ಕೊಡ್ಲಿ?"

ಕಿಂಡಿಯ ಆಚೆಯಿಂದ ಅಣ್ಣ ನಕ್ಕರು. "ಇರ್ಲಿ ಬಿಡವ್ವಾ ತಂಗಿ. ನಮ್ಮವ ಒಬ್ಬ ಒಳಗಿದ್ರ ಚಲೋನ ಆತು," ಎಂದರು. ಅದು ನಮಗೂ ಸರಿ ಅನ್ನಿಸಿತು.

ಕಮಿಟಿ ಮೊದಲು ನಮ್ಮ ನೀರಿನ ಹೊತ್ತು ಹೆಚ್ಚಿಸಿತು. ಜನ ಹೊಗಳಿದರು. ಅದರ ಬೆನ್ನಿಗೇ, ಕೀಲಿ ಒಡೆದವನು ಕೆಲಸವನ್ನೂ ಮನೆಯನ್ನೂ ಬಿಡಬೇಕು ಎಂಬ ಮಾತು ಎತ್ತಿತು. ಐವರೂ ಒಪ್ಪಿದರೆ ಮಾತ್ರ ತೀರ್ಮಾನ. ಸುತ್ತಿಗೆ ಅಣ್ಣನದೆಂದು ಇಡೀ ಕಾಲನಿಗೆ ಗೊತ್ತು. ವೈನಿ ಆಗ ಏಳು ತಿಂಗಳ ಬಸುರಿ. ಬಾಣಂತನ ನಾನೇ ಮಾಡುತ್ತೇನೆಂದು ಹೇಳಿ, ಹಳೆ ಸೀರೆ ಒಗೆದು ಮಡಚಿ ಇಟ್ಟಿದ್ದೆ.

ಮಿಟಿಂಗಿನಲ್ಲಿ ಏನಾಯಿತೆಂದು ಇವರು ಹೇಳಿದ್ದು ಒಂದೇ ಸಲ. "ಕೀಲಿ ನಾನೂ ಒಡದೇನ್ರಿ, ನನ್ನೂ ಕಳಸ್ರಿ," ಎಂದರಂತೆ. ಎಲ್ಲರೂ ನಕ್ಕರಂತೆ. ಸಾಹುಕಾರ, "ನೀವೀಗ ಕಮಿಟಿಯವ್ರು. ಕಮಿಟಿಯವ್ರು ಕೀಲಿ ಒಡಿಯೂದಿಲ್ರಿ. ನಾಕ್ ಮಂದ್ಯಾಗ ಎಲಿ ತಗೊಂಡೀರಿ. ಕಮಿಟಿ ಅಂದಂಗ ಅನ್ರಿ, ಇಲ್ಲಾ ಕೊಟ್ಟ ಮಾತ ತಪ್ಪಿದೆ ಅಂತ ಮಂದಿ ಮುಂದ ಹೇಳ್ರಿ," ಎಂದನಂತೆ. ಇವರು ಕೊನೆಗೆ ಹೂಂ ಎಂದರು.

ಇವರಿಗೆ ಏನಾದರೂ ಅನ್ನಬೇಕೆಂದರೆ ಸಿಟ್ಟು ಇರಬೇಕು. ನನ್ನಲ್ಲಿ ಅದೂ ಉಳಿದಿರಲಿಲ್ಲ. ಜೋಳದ ಹಿಟ್ಟು ನಾದಿದೆ, ರೊಟ್ಟಿ ಬಡಿದೆ. ಕಿಂಡಿಯಲ್ಲಿ ರೊಟ್ಟಿ ಇಟ್ಟರೆ ಆಚೆಯಿಂದ ವೈನಿ ತೆಗೆದುಕೊಂಡಳು.

ಅವರು ಹೊರಟ ದಿನ ಚಕ್ಕಡಿಯಲ್ಲಿ ಹಾಸಿಗೆ ಸುತ್ತು, ಪಾತ್ರೆ, ಗೌಂಡಿಯ ಸಾಮಾನು ಅಷ್ಟೇ ಇದ್ದವು. ಚಾಳಿನವರೆಲ್ಲ ಸೇರಿದ್ದರು. ಬಂದವರನ್ನು ಬರಿಗೈಲಿ ಕಳಿಸಬಾರದೆಂದು ವೈನಿ ತಾಟಿನಲ್ಲಿ ಎಲೆ-ಅಡಿಕೆ ಹಚ್ಚಿಕೊಂಡು ಬಂದಳು. ಮನೆ ಕಳೆದುಕೊಂಡವಳು ಅವಳು, ಮರ್ಯಾದೆ ನಮಗೆ. ಎಲ್ಲರೂ ಎತ್ತಿಕೊಂಡರು, ನಾನೂ ಎತ್ತಿಕೊಂಡೆ. ತಾಟು ನಮ್ಮವರ ಮುಂದೆ ಬಂದು ನಿಂತಿತು. ಇವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡುತ್ತಿದ್ದರು. ವೈನಿ ತಾಟು ಹಿಡಿದುಕೊಂಡೇ ನಿಂತಿದ್ದಳು.

ಅಣ್ಣ ಬಂದು ತಾವೇ ಎರಡು ಎಲೆ ಎತ್ತಿ, ಅಡಿಕೆ ಇಟ್ಟು, ಇವರ ಕೈ ಮುಂದಕ್ಕೆ ಎಳೆದು ಅದರಲ್ಲಿ ಇಟ್ಟರು.

"ತಗೊಳೊ ಮಾರಾಯಾ. ಇದರಾಗ ಮಾತಿಲ್ಲ. ಬರೇ ಎಲಿ ಐತಿ."

ಚಕ್ಕಡಿ ಬಾಗೇವಾಡಿ ದಾರಿ ಹಿಡಿಯಿತು. ಅದು ಕಾಣದಂತಾದ ಮೇಲೂ ಇವರು ಅಂಗೈ ಮುಚ್ಚಿರಲಿಲ್ಲ.

"ಇದನ್ನ ಏನ್ ಮಾಡ್ಲಿ?" ಎಂದು ನನ್ನನ್ನು ಕೇಳಿದರು.

"ತಿನ್ರಿ," ಎಂದೆ.

ತಿಂದರು. ಅಷ್ಟರಲ್ಲಿ ನಲ್ಲಿಗೆ ನೀರು ಬಂತು, ಕಮಿಟಿ ಹೆಚ್ಚಿಸಿಕೊಟ್ಟ ಹೊತ್ತಿನ ನೀರು. ನಾನು ಕೊಡ ಒಯ್ದು ಕೆಳಗಿಟ್ಟೆ. ಕೊಡ ತುಂಬಿ ಹೊರಗೆ ಹರಿಯತೊಡಗಿತು. ಎತ್ತಿಕೊಳ್ಳಬೇಕು ಎಂದು ಗೊತ್ತಿತ್ತು. ನೋಡುತ್ತಾ ನಿಂತಿದ್ದೆ.